ವಿಮಾನದ ಬಾಲದಲ್ಲಿ ಕುಳಿತವನು

ಸಾಲಿಮ್ ಬೆಹನಾಮ್ ನಮ್ಮ ಊರಿನವನಲ್ಲ, ನಮ್ಮ ದೇಶದವನೂ ಅಲ್ಲ. ಇರಾಕಿನ ವಾಯುಪಡೆಯ ಒಂದು ಬಾಂಬರ್ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುತ್ತ, ಅಗತ್ಯ ಬಿದ್ದರೆ ಹಿಂಬದಿಯ ಫಿರಂಗಿಯನ್ನೂ ಹಾರಿಸುತ್ತಿದ್ದವನು. ಸೌದಿಯ ಹಫ್ರ್ ಅಲ್ ಬಾತಿನ್‌ನ ಆಸ್ಪತ್ರೆಯಲ್ಲಿ, ೧೯೮೬ರ ಚಳಿಗಾಲ ಮುಗಿಯುವ ಹೊತ್ತಿಗೆ ಸತ್ತ. ಆಗ ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ.

ಅವನನ್ನು ನಾನು ಕಂಡವನಲ್ಲ. ಅವನ ವಿಷಯ ನನಗೆ ತಿಳಿದದ್ದು ನಮ್ಮ ಕಡೆಯ ಇಬ್ಬರಿಂದ. ಒಬ್ಬರು ಶಿರ್ವದ ಲುಯಿಜಾ, ಆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರ ಗಂಡ ಜಾರ್ಜ್ ಸೌದಿಯದೇ ದಹ್ರಾನಿನ ಎಣ್ಣೆ ಕಂಪನಿಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ. ಇನ್ನೊಬ್ಬರು ಉಳ್ಳಾಲದ ಹಸನ್ ಕುಂಞಿ, ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ನಾವೆಲ್ಲ ಹಸನಾಕ ಎಂದೇ ಕರೆಯುತ್ತಿದ್ದೆವು.

ಸಾಲಿಮ್ ಹುಟ್ಟಿದ್ದು ಮೋಸುಲ್ ನಗರದ ಪೂರ್ವಕ್ಕಿರುವ ಒಂದು ಕ್ರೈಸ್ತರ ಊರಿನಲ್ಲಿ. ಅದು ಗೋಧಿಯ ಸೀಮೆ. ಕೊಯ್ಲು ಮುಗಿದ ಮೇಲೆ ಹೆಂಗಸರು ದೊಡ್ಡ ಹಂಡೆಗಳಲ್ಲಿ ಗೋಧಿ ಬೇಯಿಸಿ ತಾರಸಿಯ ಮೇಲೆ ಹರವುತ್ತಾರೆ. ಒಣಗಿದ ಮೇಲೆ ಒಡೆದು ನುಚ್ಚು ಮಾಡಿಟ್ಟರೆ ವರ್ಷವಿಡೀ ಅದೇ ಊಟ. ನಾಲ್ವರು ಅಕ್ಕಂದಿರ ನಂತರ ಹುಟ್ಟಿದ ಒಬ್ಬನೇ ಗಂಡು ಇವನು. ತಂದೆ ಗಾರೆಕೆಲಸದ ಮೇಸ್ತ್ರಿ. ಮಗನಿಗೆ ಕರಣೆ ಹಿಡಿಯುವುದಕ್ಕಿಂತ ಹಳೆಯ ರೇಡಿಯೋ ಬಿಚ್ಚುವುದರಲ್ಲೇ ಆಸೆ. ಊರಿನ ಇಗರ್ಜಿಯ ಧ್ವನಿವರ್ಧಕ ಕೆಟ್ಟರೆ ಪಾದ್ರಿಗಳು ಇವನಿಗೇ ಹೇಳಿಕಳಿಸುತ್ತಿದ್ದರಂತೆ. ಮೋಸುಲ್ ಪೇಟೆಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಡಬೇಕು, ಅದರ ಹಿಂದೆಯೇ ಒಂದು ಮನೆ ಮಾಡಬೇಕು ಎನ್ನುವುದು ಅವನ ಲೆಕ್ಕಾಚಾರ.

ಅಷ್ಟರಲ್ಲಿ ಇರಾನಿನ ಜೊತೆ ಯುದ್ಧ ಶುರುವಾಗಿತ್ತು. ಹದಿನೆಂಟು ತುಂಬಿದ ಗಂಡುಮಕ್ಕಳನ್ನೆಲ್ಲ ಸೈನ್ಯಕ್ಕೆ ಕರೆದೊಯ್ಯುತ್ತಿದ್ದರು. ಏನು ಕೆಲಸ ಬರುತ್ತದೆ ಎಂದು ಅಧಿಕಾರಿ ಕೇಳಿದಾಗ ಸಾಲಿಮ್, "ರೇಡಿಯೋ" ಎಂದ. ಅದೊಂದು ಮಾತಿನಿಂದ ಕಾಲಾಳುಗಳ ಕಂದಕಕ್ಕೆ ಹೋಗಬೇಕಾಗಿದ್ದವನು ವಿಮಾನಕ್ಕೆ ಹೋದ. ಸುದ್ದಿ ಕೇಳಿ ತಾಯಿ ಮಾತೆ ಮರಿಯಮ್ಮನಿಗೆ ಮೊಂಬತ್ತಿ ಹಚ್ಚಿದಳು. ಕಂದಕಕ್ಕೆ ಹೋದ ಆ ಊರಿನ ಎಷ್ಟೋ ಮಕ್ಕಳು ಪೆಟ್ಟಿಗೆಯಲ್ಲಿ ವಾಪಸಾಗಿದ್ದರು. ವಿಮಾನದವರಾದರೆ ಸಂಜೆ ಊಟಕ್ಕೆ ಹಿಂದಿರುಗುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು.

ಅದು ರಷ್ಯಾದ ಹಳೆಯ ವಿಮಾನ. ಪೈಲಟ್ಟು, ದಾರಿ ನೋಡುವವನು, ಬಾಂಬು ಬಿಡುವವನು ಎಲ್ಲರೂ ಮುಂದೆ ಇರುತ್ತಾರೆ. ತೀರ ಹಿಂದೆ, ಬಾಲದ ಬುಡದಲ್ಲಿ ಇನ್ನೊಂದು ಪುಟ್ಟ ಕೋಣೆ. ಅಲ್ಲಿ ಇಬ್ಬರು, ವಿಮಾನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಮುಂದಿನವರನ್ನು ನೋಡುವ ಹಾಗಿಲ್ಲ, ಅವರ ದನಿ ಮಾತ್ರ ಕಿವಿಗೆ ಬರುತ್ತದೆ. ಆ ಇಬ್ಬರಲ್ಲಿ ಸಾಲಿಮ್ ಒಬ್ಬ. ಅವನಿಗೆ ಅತಿ ಕಷ್ಟವಾದದ್ದು ಇದೇ.

"ಬಾಂಬು ಬಿಟ್ಟವನು ಅದು ಬಿದ್ದದ್ದನ್ನು ನೋಡುವುದಿಲ್ಲ, ಸಿಸ್ಟರ್," ಎಂದು ಅವನು ಲುಯಿಜಾ ಅವರಿಗೆ ಹೇಳಿದ್ದ. "ಅವನು ಆಗಲೇ ಮುಂದಕ್ಕೆ ಹೋಗಿರುತ್ತಾನೆ. ಬಿಟ್ಟುಬಂದ ಊರು ಕಾಣುವುದು ನನಗೆ. ಹೊಗೆ ಏಳುವುದು, ಮನೆ ಕುಸಿಯುವುದು, ಎಲ್ಲ ನನ್ನ ಕಣ್ಣೆದುರಿಗೇ. ಪೈಲಟ್ಟು ಕೇಳುತ್ತಾನೆ, ಸರಿಯಾಗಿ ಬಿತ್ತಾ ಎಂದು. ಬಿತ್ತು ಎನ್ನಬೇಕು."

೧೯೮೬ರ ಫೆಬ್ರವರಿಯಲ್ಲಿ ಇರಾಕಿನ ದಕ್ಷಿಣ ತುದಿಯ ಸಮುದ್ರದ ದಡದ ಫಾವ್‌ನಲ್ಲಿ ದೊಡ್ಡ ಕಾಳಗವಾಯಿತು. ಮಳೆ, ಮಂಜು. ಆದರೂ ವಿಮಾನಗಳು ದಿನಾ ಏಳುತ್ತಿದ್ದವು. ಹಾಗೊಂದು ದಿನ ಸಾಲಿಮ್‌ನ ವಿಮಾನಕ್ಕೆ ಕೆಳಗಿನಿಂದ ಏಟು ಬಿತ್ತು. ದಾರಿ ನೋಡುವವನು ಸತ್ತ. ಮೋಡದಲ್ಲಿ ದಿಕ್ಕು ತಪ್ಪಿ, ಉತ್ತರಕ್ಕೆ ಹೋಗಬೇಕಾದ ವಿಮಾನ ಪಶ್ಚಿಮಕ್ಕೆ ಹಾರಿ ಸೌದಿಯ ಮರಳುಗಾಡಿನ ಮೇಲೆ ಬಂತು. ಒಂದು ಎಂಜಿನ್ ಹೊತ್ತಿಕೊಂಡಿತ್ತು. ಸಾಲಿಮ್ ರೇಡಿಯೋದಲ್ಲಿ ಕೂಗುತ್ತಲೇ ಇದ್ದ, ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಪೈಲಟ್ಟು, "ಗಟ್ಟಿಯಾಗಿ ಹಿಡಿದುಕೊಳ್ಳಿ ಮಕ್ಕಳೇ," ಎಂದದ್ದು ಕೇಳಿಸಿತು. ಮರಳಿಗೆ ಉಜ್ಜಿದಾಗ ಬೆಂಕಿ ತಗುಲಿದ್ದ ಬಾಲ ಮುರಿದು ಬೇರೆಯಾಯಿತು. ಮುಂದಿನ ಭಾಗ ಒಂದಿಷ್ಟು ದೂರ ಹೋಗಿ ಉರಿದುಹೋಯಿತು.

ಕುರಿ ಮೇಯಿಸುತ್ತಿದ್ದ ಒಬ್ಬ ಬದೂವಿ ಅಲೆಮಾರಿ ಮುದುಕ ಹೊಗೆ ನೋಡಿ ತನ್ನ ಪಿಕಪ್ ಓಡಿಸಿಕೊಂಡು ಬಂದ. ಬಾಲದ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಉಸಿರಿತ್ತು. ಅವನನ್ನು ಕಂಬಳಿಯಲ್ಲಿ ಸುತ್ತಿ, ಮೇವಿನ ಹುಲ್ಲಿನ ಮೇಲೆ ಮಲಗಿಸಿ ಹಫ್ರ್ ಅಲ್ ಬಾತಿನ್‌ಗೆ ತಂದು ಮುಟ್ಟಿಸಿದ.

ಆ ದಿನ ಲುಯಿಜಾ ಅವರಿಗೆ ಹಗಲಿನ ಡ್ಯೂಟಿ. ಬಂದವನ ಎರಡೂ ಕಾಲು ಮುರಿದಿದ್ದವು. ಬೆನ್ನು, ಬಲಗೈ, ಕುತ್ತಿಗೆಯ ಒಂದು ಮಗ್ಗುಲು ಸುಟ್ಟಿತ್ತು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ. ಡಾಕ್ಟರು ಕೈಲಾದದ್ದನ್ನೆಲ್ಲ ಮಾಡಿದರು. ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಮಾತೂ ಬಂತು, ಆದರೆ ಅಷ್ಟು ದೂರದ ಪ್ರಯಾಣಕ್ಕೆ ಜೀವ ತಡೆಯದು ಎಂದು ಬಿಟ್ಟರು. ಅವನಿಗೆ ಒಂದು ಪ್ರತ್ಯೇಕ ಕೋಣೆ, ಬಾಗಿಲಲ್ಲಿ ಒಬ್ಬ ಸೌದಿ ಸೈನಿಕ. ಇರಾಕ್ ಆಗ ಸ್ನೇಹಿತ ದೇಶ. ಖರ್ಜೂರದ ಪೊಟ್ಟಣ ಹಿಡಿದು ಬಂದ ಅಧಿಕಾರಿಗಳು ಅವನನ್ನು "ಬತಲ್" ಎಂದು, ವೀರ ಎಂದು ಕರೆಯುತ್ತಿದ್ದರು. ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದ.

ಬ್ಯಾಂಡೇಜು ಬದಲಿಸುವಾಗ ಸುಟ್ಟ ಚರ್ಮ ಬಟ್ಟೆಯ ಜೊತೆಗೇ ಏಳುತ್ತಿತ್ತು. ಲುಯಿಜಾ ಉಪ್ಪುನೀರು ಹನಿಸಿ ಹನಿಸಿ, ಮಾತಾಡಿಸುತ್ತ ಬಿಡಿಸುತ್ತಿದ್ದರು. ಆರು ವರ್ಷದ ನೌಕರಿಯಲ್ಲಿ ಅವರಿಗೆ ಆಸ್ಪತ್ರೆಯ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು. ಹೀಗೆ ಬಿಡಿಸುವಾಗಲೇ ಒಮ್ಮೆ ಅವನು ಅವರ ಹೆಸರು ಕೇಳಿದ.

"ಲುಯಿಜಾ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಾಗಾದರೆ ನೀವು ನಮ್ಮವರು."

ಅಂದಿನಿಂದ ಅವನು ಬಾಯಿ ಬಿಟ್ಟ. ತಾರಸಿಯ ಗೋಧಿ, ಅಕ್ಕಂದಿರು, ಇಟ್ಟಿರದ ಅಂಗಡಿ ಎಲ್ಲ ಆಗ ಹೇಳಿದ್ದೇ. ಲುಯಿಜಾ ಬೇರೆ ವಾರ್ಡಿನ ಕೆಲಸ ಬೇಗ ಮುಗಿಸಿ ಅಲ್ಲಿಗೆ ಹೋಗುತ್ತಿದ್ದರು. ಅವರು ಎಷ್ಟೋ ಜನರಿಗೆ ಶುಶ್ರೂಷೆ ಮಾಡಿದವರು. ಆದರೂ, "ಆ ಹುಡುಗ ಮಾತಾಡುವಾಗ ನನಗೆ ನಮ್ಮ ಮನೆಯ ಅಂಗಳದಲ್ಲಿ ಕೂತ ಹಾಗೆ ಆಗ್ತಿತ್ತು," ಎಂದು ನನ್ನಲ್ಲಿ ಹೇಳಿದ್ದುಂಟು. ಅದಕ್ಕೊಂದು ಕಾರಣವಿತ್ತು. ಲುಯಿಜಾ ಅವರಿಗೆ ಒಬ್ಬ ತಮ್ಮನಿದ್ದ, ರೊನಾಲ್ಡ್. ಎಣ್ಣೆ ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹಿಂದಿನ ವರ್ಷ ಆಗಸ್ಟಿನಲ್ಲಿ, ಇರಾನಿನ ಖಾರ್ಗ್ ದ್ವೀಪದಲ್ಲಿ ಎಣ್ಣೆ ತುಂಬಿಕೊಂಡು ಹೊರಟ ಆ ಹಡಗಿಗೆ ಇರಾಕಿನ ವಿಮಾನಗಳು ಬಾಂಬು ಹಾಕಿದವು. ಕೆಲವರು ಬದುಕಿದರು. ರೊನಾಲ್ಡ್ ಬದುಕಲಿಲ್ಲ, ದೇಹವೂ ಸಿಗಲಿಲ್ಲ. ಶಿರ್ವದ ಇಗರ್ಜಿಯಲ್ಲಿ ಖಾಲಿ ಪೆಟ್ಟಿಗೆ ಇಟ್ಟು ಪೂಜೆ ಮಾಡಿಸಿದ್ದರು. ಲುಯಿಜಾ ಅವರಿಗೆ ಅದಕ್ಕೂ ರಜೆ ಸಿಕ್ಕಿರಲಿಲ್ಲ.

ಇದನ್ನು ಅವರು ಸಾಲಿಮ್‌ಗೆ ಹೇಳಿರಲಿಲ್ಲ. ರೋಗಿಯ ಹತ್ತಿರ ನಮ್ಮ ದುಃಖ ಯಾಕೆ ಎಂದು.

ಒಂದು ಮಧ್ಯಾಹ್ನ ಅವನಿಗೆ ಜ್ವರ ಸ್ವಲ್ಪ ಇಳಿದಿತ್ತು. ಸೈನಿಕ ನಮಾಜಿಗೆ ಹೋಗಿದ್ದ. ಸಾಲಿಮ್ ಕೇಳಿದ:

"ಪಾಪ ಹೇಳಿಕೊಳ್ಳಲು ಇಲ್ಲಿ ಪಾದ್ರಿ ಸಿಗುವುದಿಲ್ಲ ಅಲ್ಲವಾ?"

"ಇಲ್ಲ ತಮ್ಮಾ. ಇಲ್ಲಿ ಸಿಗುವುದಿಲ್ಲ."

"ಹಾಗಾದರೆ ನಿಮಗೆ ಹೇಳುತ್ತೇನೆ. ಯಾರಿಗಾದರೂ ಹೇಳಬೇಕು. ಊರುಗಳ ಮೇಲೆ ಹಾಕಿದಾಗ ಹೊಗೆ ಕಾಣುತ್ತದೆ, ಜನ ಕಾಣುವುದಿಲ್ಲ. ಒಮ್ಮೆ ಹಡಗಿನ ಮೇಲೆ ಹಾಕಿದೆವು. ಸಮುದ್ರ ಶಾಂತವಾಗಿತ್ತು. ನಾವು ತುಂಬ ಕೆಳಗೆ ಹಾರಿದ್ದೆವು. ಜನ ನೀರಿಗೆ ಹಾರುವುದು ಕಾಣಿಸಿತು. ನೀರಿನ ಮೇಲೂ ಬೆಂಕಿ ಇತ್ತು. ಒಬ್ಬ ಮೇಲೆ ನೋಡಿ ಎರಡೂ ಕೈ ಎತ್ತಿದ. ನಿಲ್ಲಿಸಿ ಎಂದೋ, ಕಾಪಾಡಿ ಎಂದೋ ಗೊತ್ತಿಲ್ಲ. ಸರಿಯಾಗಿ ಬಿತ್ತಾ ಎಂದು ಪೈಲಟ್ಟು ಕೇಳಿದ. ಬಿತ್ತು ಎಂದೆ."

ಬ್ಯಾಂಡೇಜು ಸುತ್ತುತ್ತಿದ್ದ ಲುಯಿಜಾ ಕೇಳಿದರು:

"ಯಾವಾಗ?"

"ಹೋದ ಬೇಸಗೆಯಲ್ಲಿ. ಆಗಸ್ಟ್."

"ಯಾವ ಹಡಗು?"

"ಹೆಸರು ನಮಗೆ ಹೇಳುವುದಿಲ್ಲ, ಸಿಸ್ಟರ್."

"ಯಾವ ಬಣ್ಣ?"

ಅವನು ನೆನಪು ಮಾಡಿಕೊಳ್ಳಲು ನೋಡಿದ. "ಕೆಳಗೆ ಕೆಂಪು. ಎಲ್ಲ ಹಡಗಿನ ಹಾಗೆ."

ಆ ತಿಂಗಳು ಖಾರ್ಗ್ ಸುತ್ತಮುತ್ತ ಎಷ್ಟೋ ಹಡಗುಗಳಿಗೆ ಏಟು ಬಿದ್ದಿತ್ತು. ಎಷ್ಟೋ ವಿಮಾನಗಳು ಹೋಗಿದ್ದವು. ಅದು ಲುಯಿಜಾ ಅವರಿಗೂ ಗೊತ್ತಿತ್ತು. ಆದರೂ ಎರಡು ಕೈ ಎತ್ತಿದ ಆ ಮನುಷ್ಯನಿಗೆ ಅವರ ಮನಸ್ಸು ಆ ಕ್ಷಣವೇ ರೊನಾಲ್ಡನ ಮುಖ ಹಚ್ಚಿಬಿಟ್ಟಿತು. ಅವರು ಬ್ಯಾಂಡೇಜಿನ ತುದಿ ಕಟ್ಟಿ ಮುಗಿಸಿದರು. ಎದ್ದು ನಿಂತು, "ನನ್ನ ತಮ್ಮ ಹಡಗಿನಲ್ಲಿದ್ದ. ಆಗಸ್ಟಿನಲ್ಲಿ," ಎಂದಷ್ಟೇ ಹೇಳಿದರು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಹೊರಗೆ ಬಂದಾಗಿತ್ತು.

ಮರುದಿನ ಅವರು ಆ ಕೋಣೆಯ ಕೆಲಸವನ್ನು ಆಯಿಶತ್ ಎಂಬ ನರ್ಸಿಗೆ ವಹಿಸಿ ತಾವು ಹೆರಿಗೆ ವಾರ್ಡಿಗೆ ಹೋದರು. ಆಯಿಶತ್ ಮಂಜೇಶ್ವರದ ಹುಡುಗಿ, ಕೆಲಸಕ್ಕೆ ಹೊಸಬಳು. ಯಾಕೆ ಎಂದು ಕೇಳಲಿಲ್ಲ. ಸಂಜೆ ಊಟದ ಕೋಣೆಯಲ್ಲಿ ಸಿಕ್ಕಾಗ ಹೇಳಿದಳು:

"ಸಿಸ್ಟರ್, ಆ ಇರಾಕಿ ನಿಮ್ಮನ್ನೇ ಕೇಳ್ತಾ ಇದ್ದಾನೆ. ಲುಯಿಜಾ ಎಲ್ಲಿ, ಲುಯಿಜಾ ಎಲ್ಲಿ ಅಂತ."

"ಕೇಳಲಿ."

"ಒಂದು ಸಲ ಹೋಗಿ ಬನ್ನಿ ಮಾರಾಯ್ರೆ. ಪಾಪ ಅಲ್ಲಾ?"

"ನನಗೆ ಆಗುದಿಲ್ಲ ಆಯಿಶಾ. ನೀನು ನೋಡ್ಕೋ."

ಅದರ ಮರುದಿನವೂ ಹೋಗಲಿಲ್ಲ. ಆ ಎರಡು ದಿನ ತಾನು ಹೇಗಿದ್ದೆ ಎಂದು ಲುಯಿಜಾ ನನಗೆ ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸಿಟ್ಟಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ತನ್ನ ಕೈಯ ಮೇಲೆಯೇ ಹೇಸಿಗೆ. ಅದೇ ಕೈಯಿಂದ ಅವನಿಗೆ ಕಿತ್ತಳೆ ಸುಲಿದು ತಿನ್ನಿಸಿದ್ದರು. ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳನ್ನು ಎತ್ತಿಕೊಂಡಾಗಲೂ ಕಿವಿ ಆ ಕೋಣೆಯ ಕಡೆಗೇ ಇತ್ತಂತೆ.

ಎರಡನೆಯ ಸಂಜೆ ಆಯಿಶತ್ ಮತ್ತೆ ಬಂದಳು.

"ಇವತ್ತು ಜ್ವರ ಜಾಸ್ತಿ ಉಂಟು ಸಿಸ್ಟರ್. ಆದ್ರೂ ಒಂದೇ ಪ್ರಶ್ನೆ ಕೇಳ್ತಾನೆ. ನಿಮ್ಮ ತಮ್ಮನ ಹೆಸರು ಎಂತ ಅಂತ. ನಂಗೆ ಗೊತ್ತಿಲ್ಲ ಅಂದೆ. ಕೇಳಿಕೊಂಡು ಬಾ ಅಂತಾನೆ. ಎಂತ ಹೇಳ್ಲಿ?"

ಲುಯಿಜಾ ಕೈ ತೊಳೆಯಲು ಹೋದರು. ಹೆಸರು ಇವನಿಗೆ ಯಾಕೆ ಬೇಕು? ಪ್ರಾರ್ಥನೆ ಮಾಡುವುದಕ್ಕೋ? ಕ್ಷಮೆ ಕೇಳುವುದಕ್ಕೋ? ಅಥವಾ ಆ ಹಡಗಿನ ವಿಷಯ ಅವನಿಗೆ ಇನ್ನೂ ಏನಾದರೂ ಗೊತ್ತಿತ್ತೋ? ಅವರು ಹಾಸ್ಟೆಲ್ಲಿಗೆ ಹೋಗಿ ಮಲಗಿದರು. ಬೆಳಿಗ್ಗೆ ಎದ್ದಾಗ, ಹೋಗಿ ಹೆಸರು ಹೇಳಿಬಿಡೋಣ, ಅಷ್ಟೇ ಹೇಳಿ ಬರೋಣ ಎನ್ನಿಸಿತು. ಯೂನಿಫಾರ್ಮು ಹಾಕಿಕೊಂಡು ನೇರವಾಗಿ ಅಲ್ಲಿಗೇ ನಡೆದರು.

ಸಾಲಿಮ್‌ಗೆ ಪ್ರಜ್ಞೆ ಇರಲಿಲ್ಲ. ಸುಟ್ಟ ಗಾಯದ ನಂಜು ರಕ್ತಕ್ಕೆ ಸೇರಿತ್ತು. ಮುಂಜಾನೆಯಿಂದಲೇ ಹೀಗೆ ಎಂದು ಡಾಕ್ಟರು ಹೇಳಿದರು. ಲುಯಿಜಾ ಅವನ ಕಿವಿಯ ಹತ್ತಿರ ಬಗ್ಗಿ, "ರೊನಾಲ್ಡ್. ನನ್ನ ತಮ್ಮನ ಹೆಸರು ರೊನಾಲ್ಡ್," ಎಂದರು. ಮತ್ತೆ ಹೇಳಿದರು. ರೆಪ್ಪೆ ಕೂಡ ಅಲುಗಲಿಲ್ಲ. ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಏನು ಮಾಡುತ್ತಿದ್ದೇನೆಂದು ತಿಳಿಯದೆ ಕೊಂಕಣಿಯಲ್ಲೂ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಧೂಳಿನ ಗಾಳಿ ಎದ್ದಿತು. ಕಿಟಕಿಯೆಲ್ಲ ಕಂದು. ಉಸಿರು ದೂರದೂರವಾಗತೊಡಗಿದಾಗ ಲುಯಿಜಾ ಸುತ್ತ ನೋಡಿದರು. ಒಬ್ಬ ಕ್ರೈಸ್ತ ಪ್ರಾರ್ಥನೆಯಿಲ್ಲದೆ ಸಾಯಬಾರದು. ಆದರೆ ಆ ದೇಶದಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ, ಬಾಯಿಬಿಟ್ಟು ಬೇರೆ ಧರ್ಮದ ಪ್ರಾರ್ಥನೆ ಹೇಳಿದರೆ ನೌಕರಿ ಹೋಗಬಹುದು, ಊರಿಗೆ ಕಳಿಸಲೂಬಹುದು. ಆಕ್ಸಿಜನ್ ಸಿಲಿಂಡರ್ ತಂದಿಟ್ಟ ಹಸನಾಕ ಇನ್ನೂ ಅಲ್ಲೇ ನಿಂತಿದ್ದರು. ಅವರಿಗೆ ಅರ್ಥವಾಯಿತು.

"ನಿಮ್ಮದು ಎಂತ ಉಂಟೋ ಅದನ್ನು ಹೇಳಿ ಸಿಸ್ಟರ್. ನಾನು ಬಾಗಿಲಲ್ಲಿ ನಿಲ್ತೇನೆ."

"ಆ ಸೈನಿಕ ಇದ್ದಾನಲ್ಲ ಹಸನಾಕ."

"ಅವನನ್ನು ನನಗೆ ಬಿಡಿ. ಮರಣದ ಹತ್ತಿರ ದೇವರ ಹೆಸರು ಹೇಳುದಕ್ಕೆ ಯಾರು ಎಂತ ಹೇಳ್ತಾರೆ?"

ಅವರು ಹೊರಗೆ ಹೋಗಿ ಸೈನಿಕನಿಗೆ ಒಂದು ಸಿಗರೇಟು ಕೊಟ್ಟು ಧೂಳಿನ ವಿಷಯ, ಡೀಸೆಲ್ ಗಾಡಿಯ ವಿಷಯ ಮಾತಾಡುತ್ತ ನಿಂತರು. ಲುಯಿಜಾ ಸಾಲಿಮ್‌ನ ಸುಡದ ಎಡಗೈ ಹಿಡಿದು "ಆಮ್ಚ್ಯಾ ಬಾಪಾ", ನಮ್ಮ ತಂದೆಯೇ ಎಂಬ ಪ್ರಾರ್ಥನೆ ಹೇಳಿದರು, ಕೊಂಕಣಿಯಲ್ಲಿ, ತುಟಿ ಅಲುಗುವಷ್ಟೇ ದನಿಯಲ್ಲಿ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮ ತಪ್ಪುಗಳನ್ನು ಕ್ಷಮಿಸು ಎನ್ನುವ ಸಾಲಿಗೆ ಬಂದಾಗ ಮುಂದೆ ಹೋಗಲಾಗಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದರು. ಅದು ಮುಗಿಯುವುದರೊಳಗೆ ಉಸಿರು ನಿಂತಿತ್ತು.

ದೇಹವನ್ನು ಗಡಿಯ ಚೌಕಿಯಲ್ಲಿ ಇರಾಕಿನವರಿಗೆ ಒಪ್ಪಿಸಬೇಕೆಂದು ಆದೇಶ ಬಂತು. ಆಂಬುಲೆನ್ಸ್ ಓಡಿಸಿದ್ದು ಹಸನಾಕ. ಜೊತೆಗೆ ಸೈನ್ಯದ ಜೀಪು. ಲುಯಿಜಾ ತಾನೂ ಬರುತ್ತೇನೆಂದು ಕೇಳಿದರು. ಒಪ್ಪಿಗೆ ಸಿಗಲಿಲ್ಲ. ಅವರು ತಮ್ಮ ಹಾಸ್ಟೆಲ್ಲಿನಿಂದ ಒಂದು ಹೊಸ ಬಿಳಿ ಬೆಡ್‌ಶೀಟು ತಂದು ಅವನಿಗೆ ಹೊದಿಸಿ ಕಳಿಸಿದರು.

ಗಡಿಯ ಆಚೆ ಸೈನ್ಯದ ಟ್ರಕ್ಕಿನ ಪಕ್ಕ, ಅಧಿಕಾರಿಗಳಿಂದ ಸ್ವಲ್ಪ ದೂರ, ಒಬ್ಬ ಮುದುಕ ನಿಂತಿದ್ದ. ಹಳೆಯ ಕೋಟು, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಸಿಮೆಂಟು. ಸಾಲಿಮ್‌ನ ತಂದೆ. ಸ್ಟ್ರೆಚರ್ ಇಳಿಸುವಾಗ ಅವನು ಒಂದು ತುದಿಗೆ ಕೈ ಕೊಟ್ಟ. ಬಿಳಿ ಬಟ್ಟೆ ಸರಿಸಿ ಮುಖ ನೋಡಿದ. ಅಳಲಿಲ್ಲ. ಹಸನಾಕನ ತೋಳು ಹಿಡಿದು ಒಂದೇ ಮಾತು ಕೇಳಿದ: "ಅವನ ಹತ್ತಿರ ಯಾರಾದರೂ ಇದ್ದರಾ?"

ಇದನ್ನೆಲ್ಲ ಹಸನಾಕ ಮರುದಿನ ಆಸ್ಪತ್ರೆಯ ಹಿಂದಿನ ನೆರಳಿನಲ್ಲಿ ಲುಯಿಜಾ ಅವರಿಗೆ ಹೇಳಿದರು.

"ನೀವು ಎಂತ ಹೇಳಿದ್ರಿ?"

"ಇದ್ದರು ಅಂದೆ. ನಮ್ಮ ಊರಿನ ಒಬ್ಬರು ಸಿಸ್ಟರ್, ಲುಯಿಜಾ ಅಂತ, ನಿಮ್ಮದೇ ಜಾತಿಯವರು, ಶುರುವಿನಿಂದ ಕೊನೆವರೆಗೆ ಒಂದು ಗಳಿಗೆ ಬಿಡದೆ ಇದ್ದರು ಅಂದೆ. ಆ ತಂದೆ ನನ್ನ ಕೈಗೆ ಮುತ್ತು ಕೊಟ್ಟರು ಸಿಸ್ಟರ್. ನಿಮ್ಮ ಕೈ ಅಂತ ತಿಳ್ಕೊಂಡು."

ಲುಯಿಜಾ, "ಸುಳ್ಳು ಯಾಕೆ ಹೇಳಿದ್ರಿ ಹಸನಾಕ?" ಎಂದರು.

"ಆ ಎರಡು ದಿನವನ್ನು ಆ ಮುದುಕನ ತಲೆ ಮೇಲೆ ಯಾಕೆ ಹೇರುದು? ಅವರಿಗೆ ಬೇಕಾದಷ್ಟು ಭಾರ ಉಂಟು."

ಹಸನಾಕ ಹೇಳಿದ್ದು ಸರಿಯೇ. ಆದರೆ ಆ ಭಾರ ಇಳಿದದ್ದು ಲುಯಿಜಾ ಅವರ ಮೇಲೆ. ಎಲ್ಲೋ ದೂರದ ಗೋಧಿ ಸೀಮೆಯಲ್ಲಿ ಒಂದು ಮನೆಯವರು ತನ್ನ ಹೆಸರು ಹೇಳಿ ದೇವರಿಗೆ ಮೊಂಬತ್ತಿ ಹಚ್ಚುತ್ತಿರಬಹುದು ಎಂದು ನೆನೆದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲವಂತೆ. ವರ್ಷ ಕಳೆಯುವುದರೊಳಗೆ ಅವರು ಆ ಆಸ್ಪತ್ರೆ ಬಿಟ್ಟು ಜಾರ್ಜ್ ಇದ್ದ ದಹ್ರಾನಿಗೆ ಬಂದರು. ಕಂಪನಿಯ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಸುಟ್ಟವರ ಬ್ಯಾಂಡೇಜು ಬದಲಿಸುವ ಸಂದರ್ಭ ಬಂದರೆ ಮಾತ್ರ ಕೊಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದರು.

ಯುದ್ಧ ೧೯೮೮ರಲ್ಲಿ ನಿಂತಿತು. ಎರಡೂ ದೇಶಗಳಿಗೆ ಒಂದು ಅಂಗುಲ ನೆಲ ಹೆಚ್ಚಾಗಲಿಲ್ಲ ಎಂದು ನಾವು ಕ್ಯಾಂಪಿನ ಕ್ಯಾಂಟೀನಿನಲ್ಲಿ ಮಾತಾಡಿಕೊಂಡೆವು. ಆ ವರ್ಷ ಲುಯಿಜಾ ರಜೆಯಲ್ಲಿ ಶಿರ್ವಕ್ಕೆ ಹೋದಾಗ ತಾಯಿ ಮಾಗ್ದಲಿನ್‌ಗೆ ಎಲ್ಲವನ್ನೂ ಹೇಳಿದರು. ಹೇಳಬೇಕೋ ಬೇಡವೋ ಎಂದು ಎರಡು ವರ್ಷ ಯೋಚಿಸಿ ಹೇಳಿದ್ದು. ತಾಯಿ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಮೀನು ಶುಚಿ ಮಾಡುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ.

"ಎರಡು ದಿನ ಹೋಗಲಿಲ್ಲ ಮಾಯ್," ಎಂದರು ಲುಯಿಜಾ. "ಅವ ಕರೆದರೂ ಹೋಗಲಿಲ್ಲ."

"ಮತ್ತೆ ಹೋದದ್ದು ಯಾಕೆ?" ಎಂದಳು ತಾಯಿ. "ಹೋಗಲೇಬಾರದಿತ್ತು."

ಲುಯಿಜಾ ಮೀನಿನ ಪಾತ್ರೆಗೆ ನೀರು ಹೊಯ್ದು ಕೊಟ್ಟು, ಬಾವಿಕಟ್ಟೆಯ ಕಡೆ ಹೋಗಿ ನಿಂತರು. ಸಂಜೆ ತೇರ್ಸದ ಜಪಮಾಲೆ ಪ್ರಾರ್ಥನೆ ಮುಗಿಸಿ ಎಲ್ಲರೂ ಊಟಕ್ಕೆ ಕೂತ ಮೇಲೆ ತಾಯಿ ತಾನಾಗಿಯೇ ಕೇಳಿದಳು:

"ಅವನಿಗೆ ತಾಯಿ ಇದ್ದಾಳಾ?"

"ಇದ್ದಾಳೆ ಮಾಯ್."

ಮಾಗ್ದಲಿನ್ ಮಗಳ ಬಟ್ಟಲಿಗೆ ಗಂಜಿ ಬಡಿಸಿದಳು. ತನ್ನ ಬಟ್ಟಲಿಗೂ ಬಡಿಸಿಕೊಂಡಳು.

"ಅವಳಿಗೆ ಮಣ್ಣು ಮಾಡಲಿಕ್ಕಾದರೂ ಸಿಕ್ಕಿದ," ಎಂದಳು.